ಮುಂದಕ್ಕೆ ತಳ್ಳಿದರೆ ಮೂರು

ಅವಳ ಬಳಿ ಕಾರು ಕಲಿಯಲು ಬಂದವರು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಬ್ರೇಕಮ್ಮ ಎನ್ನುತ್ತಿದ್ದರು. ಆ ಅಡ್ಡಹೆಸರು ಅವಳ ಕಿವಿಗೆ ಬಿದ್ದ ದಿನ ಅವಳು ಕೋಪಿಸಿಕೊಳ್ಳಲಿಲ್ಲ. ಯಾರೋ ಕರೆದು ಕೊಟ್ಟ ಬಿರುದಿನಂತೆ ಅದನ್ನು ಉಳಿಸಿಕೊಂಡಳು. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಸುವವರ ಕಾಲಬುಡದಲ್ಲಿಯೂ ಒಂದು ಬ್ರೇಕು ಇರುತ್ತದೆ. ಅದರ ಮೇಲೆ ಅವಳ ಪಾದ ಬೆಕ್ಕು ಮಲಗಿದಂತೆ ಮಲಗಿರುತ್ತಿತ್ತು. ಕಲಿಯುವವನು ಲಾರಿಯ ಹಿಂಭಾಗವನ್ನು ಕಣ್ಣರಳಿಸಿ ನೋಡುತ್ತ ಅತ್ತಲೇ ನುಗ್ಗುತ್ತಿದ್ದರೆ ಬೆಕ್ಕು ತಟ್ಟನೆ ಎಚ್ಚರಗೊಳ್ಳುವುದು, ಕಾರು ಮೂಗು ತಗ್ಗಿಸಿ ನಿಲ್ಲುವುದು. ಆಮೇಲೆ ಅವಳು ನಾಲಿಗೆಯಿಂದ ಲೊಚ್ಚೆಂದು ಒಂದು ಸದ್ದು ಮಾಡುತ್ತಿದ್ದಳು. ಬೈಗುಳ ಅಷ್ಟೇ. ಆದರೆ ಆ ಲೊಚ್ಚಿಗೆ ಹೆದರದವರು ಊರಿನಲ್ಲಿ ಕಡಿಮೆ.

ಶಾಲೆ ಇದ್ದದ್ದು ಟಯರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಒಂದರಲ್ಲಿ ರಸ್ತೆಯ ಚಿಹ್ನೆಗಳ ಪಟಗಳು, ಮೇಜಿಗೆ ಸ್ಕ್ರೂ ಹಾಕಿ ಕೂರಿಸಿದ ಹಳೆಯ ಸ್ಟಿಯರಿಂಗ್, ಗಾಲಿ ಇರುವ ಒಂದು ಕುರ್ಚಿ. ಇನ್ನೊಂದರಲ್ಲಿ ಅವಳ ಗಂಡನ ಟೈಲರಿಂಗ್. ಹಿತ್ತಲಿನ ತಗಡಿನ ಶೆಡ್ಡು ತಮ್ಮನದು, ಅವನು ಮೆಕ್ಯಾನಿಕ್. ಕೆಳಗಿನಿಂದ ರಬ್ಬರಿನ ವಾಸನೆ, ಪಕ್ಕದಿಂದ ಹೊಲಿಗೆ ಯಂತ್ರದ ಸದ್ದು, ಹಿಂದಿನಿಂದ ತಮ್ಮನ ಸುತ್ತಿಗೆ. ಇವುಗಳ ನಡುವೆ ಅವಳು ಅರ್ಧ ಊರಿಗೆ ಕಾರು ಕಲಿಸಿದ್ದಳು.

ಅವಳಿಗೆ ಒಂದು ಹುಚ್ಚಿತ್ತು. ಊರ ಹೊರಗೆ ಟೀವಿ ಗೋಪುರದ ಗುಡ್ಡವಿದೆ. ವರ್ಷಕ್ಕೊಮ್ಮೆ ಮೋಟಾರು ಕ್ಲಬ್ಬಿನವರು ಒಂದು ಭಾನುವಾರ ಬೆಳಗ್ಗೆ ಆ ರಸ್ತೆಯನ್ನು ಮುಚ್ಚಿಸಿ, ಕಾರುಗಳನ್ನು ಒಂದೊಂದಾಗಿ ಗಡಿಯಾರದ ಎದುರು ಹತ್ತಿಸುತ್ತಿದ್ದರು. ಮನೆ ಬಳಕೆಯ ಕಾರುಗಳಿಗೂ ಅವಕಾಶವಿತ್ತು. ಅವಳು ಮದುವೆಯಾದ ಹೊಸತರಿಂದಲೂ ಶಾಲೆಯ ಹಳೆಯ ಕಾರಿನಲ್ಲಿ ಹತ್ತುತ್ತ ಬಂದಿದ್ದಳು. ಗೆದ್ದವಳಲ್ಲ, ಗೆಲ್ಲುವುದು ಅವಳ ಲೆಕ್ಕದಲ್ಲಿಯೇ ಇರಲಿಲ್ಲ. ನೀರಿನ ತೊಟ್ಟಿಯ ಬಳಿ ರಸ್ತೆ ಕೈಮುಷ್ಟಿಯಂತೆ ಮಡಚಿಕೊಳ್ಳುವ ತಿರುವಿನಿಂದ ಎರಡನೇ ಗೇರಿನಲ್ಲಿ ಹೊರಬಂದು, ಎಂಜಿನ್ ಮೈಯೆಲ್ಲ ದನಿಯಾದಾಗ ಮೂರಕ್ಕೆ ಹಾಕುವ ಒಂದು ಕ್ಷಣವಿತ್ತು. ವರ್ಷವಿಡೀ 'ಕನ್ನಡಿ ನೋಡು, ಕ್ಲಚ್ ಮೆಲ್ಲಗೆ ಬಿಡು' ಎಂದು ಹೇಳಿ ಹೇಳಿ ಒಣಗಿದ ಗಂಟಲು ಆ ಒಂದು ಕ್ಷಣದಲ್ಲಿ ಹಸಿಯಾಗುತ್ತಿತ್ತು.

ಆಮೇಲೆ ಎಡಮೊಣಕಾಲು ಕೈಕೊಟ್ಟಿತು. ಮೂಳೆಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಕ್ಲಚ್ ಒತ್ತುವುದನ್ನು ಬಿಟ್ಟುಬಿಡಿ ಎಂದರು. ಅವಳಿಗೆ ಕೇಳಿಸಿದ್ದು ಗುಡ್ಡವನ್ನು ಬಿಟ್ಟುಬಿಡಿ ಎಂದು. ಕಲಿಸುವುದಕ್ಕೇನೂ ಅಡ್ಡಿಯಾಗಲಿಲ್ಲ, ಏಕೆಂದರೆ ಪಕ್ಕದ ಸೀಟಿನಲ್ಲಿ ಕ್ಲಚ್ ಒತ್ತುವ ಕೆಲಸವಿಲ್ಲ. ಹೀಗೆ ಊರಿಗೆಲ್ಲ ಕಾರು ಕಲಿಸುವವಳು ಸಂಜೆ ಮನೆಗೆ ಹೋಗುವಾಗ ತಮ್ಮ ಯಾವಾಗ ಬರುತ್ತಾನೆಂದು ಮೆಟ್ಟಿಲ ಮೇಲೆ ಕಾಯುವಂತಾಯಿತು. ಗುಡ್ಡದ ಭಾನುವಾರ ಬಂದರೆ ಕಿಟಕಿ ಮುಚ್ಚಿಕೊಂಡು ಕೂರುತ್ತಿದ್ದಳು. ಎಂಜಿನ್ನುಗಳ ಸದ್ದು ಅಷ್ಟು ದೂರಕ್ಕೂ ಬರುತ್ತಿತ್ತು.

ಹೀಗಿರುವಾಗ ಶಾಲೆಗೆ ಆಟೋಮ್ಯಾಟಿಕ್ ಕಾರೊಂದು ಬಂತು. ಕ್ಲಚ್ ಎಂದರೆ ಬೆವರುವ ಶಿಷ್ಯರು ಹೆಚ್ಚಾಗಿದ್ದರು. ಅವರಿಗಾಗಿ ಯಾರೋ ಓಡಿಸಿ ಬಿಟ್ಟ ಕಾರನ್ನು ಕೊಂಡು, ತಮ್ಮ ಅದರ ಪಕ್ಕದ ಸೀಟಿನ ಬಳಿ ಇನ್ನೊಂದು ಬ್ರೇಕು ಕೂರಿಸಿದ. ಮೊದಲ ದಿನವೇ ಅವಳು ಕೀಲಿಕೈ ಕಸಿದುಕೊಂಡು ಚಾಲಕನ ಸೀಟಿನಲ್ಲಿ ಕುಳಿತಳು. ಎಡಗಾಲನ್ನು ನೆಂಟರ ಮನೆಗೆ ಬಂದವರಂತೆ ಸುಮ್ಮನೆ ಒಂದು ಪಕ್ಕಕ್ಕೆ ಇಟ್ಟುಕೊಂಡು, ಸಂತೆಯ ಬಯಲನ್ನು ಸುತ್ತಿ ಸುತ್ತಿ ಬಂದಳು. ನಿಲ್ಲಿಸಿದಾಗ ಗೇರಿನ ಕೋಲಿನ ಪಕ್ಕದಲ್ಲಿ ಚಿಕ್ಕದೊಂದು ಜಾಡು ಕಂಡಿತು. ಮುಂದಿನ ತುದಿಯಲ್ಲಿ ಕೂಡುವ ಗುರುತು, ಹಿಂದಿನ ತುದಿಯಲ್ಲಿ ಕಳೆಯುವ ಗುರುತು.

"ಇದೇನೋ ಇದು, ಗಣಿತದ ಪಾಠ?"

"ಮ್ಯಾನುವಲ್ ಮೋಡ್ ಅಕ್ಕ," ಎಂದ ತಮ್ಮ. "ಕೋಲನ್ನ ಈ ಪಕ್ಕಕ್ಕೆ ಎಳ್ಕೊಂಡ್ರೆ ಗೇರ್ ನಿನ್ನ ಕೈಲಿ. ಮುಂದೆ ತಳ್ಳಿದ್ರೆ ಮೇಲಿನ ಗೇರು, ಹಿಂದೆ ಎಳೆದ್ರೆ ಕೆಳಗಿನ ಗೇರು. ಕ್ಲಚ್ಚು ಗಿಚ್ಚು ಏನೂ ಇಲ್ಲ."

ಅವಳು ಕೋಲನ್ನು ಒಮ್ಮೆ ಮುಂದೆ ತಳ್ಳಿ, ಒಮ್ಮೆ ಹಿಂದೆ ಎಳೆದು ನೋಡಿದಳು. ಆಮೇಲೆ ಹೇಳಿದ್ದು ಒಂದೇ ಮಾತು: "ಹಾಗಾದ್ರೆ ಗುಡ್ಡ."

ಅದೇ ಮಧ್ಯಾಹ್ನ ಪೆಟ್ರೋಲ್ ಬಂಕಿಗೆ ಹೋದಳು. ಬಂಕಿನ ಯಜಮಾನರೇ ಮೋಟಾರು ಕ್ಲಬ್ಬಿನ ಕಾರ್ಯದರ್ಶಿ. ಅವಳ ಅಪ್ಪನ ವಯಸ್ಸಿನವರು, ಮಾತಿನಲ್ಲಿ ಯಾರನ್ನೂ ಬಿಟ್ಟವರಲ್ಲ.

"ಆಟೋಮ್ಯಾಟಿಕ್ಕಾ?" ಎಂದರು, ಕನ್ನಡಕವನ್ನು ಹಣೆಗೇರಿಸಿ. "ಅದು ತರಕಾರಿ ತರೋಕಮ್ಮ. ಗುಡ್ಡ ಹತ್ತೋಕಲ್ಲ."

"ನಿಮ್ಮ ಕಾರು ತರಕಾರಿನೂ ತರಲ್ವಲ್ಲ ಯಜಮಾನ್ರೇ, ಹೊದಿಕೆ ಹೊದ್ಕೊಂಡು ನಿಂತಿರುತ್ತೆ."

ಯಜಮಾನರ ಮೀಸೆಯೊಳಗೆ ನಗು ಆಡಿತು. "ಕಮಿಟಿಯವರು ಮೂಗು ಮುರೀತಾರೆ. ಆದ್ರೂ ನಿನಗೋಸ್ಕರ ಕೇಳ್ತೀನಿ. ಒಂದೇ ಒಂದು ಸಲ, ಪರೀಕ್ಷೆ ಅಂತ. ಗೇರಿನ ಕಾರುಗಳಿಗೆ ಇರೋ ಅರ್ಹತಾ ಸಮಯದೊಳಗೆ ನೀನು ಮೇಲೆ ಬಂದ್ರೆ, ಮುಂದಿನ ವರ್ಷದಿಂದ ಆಟೋಮ್ಯಾಟಿಕ್‌ಗೂ ಒಂದು ವಿಭಾಗ ಮಾಡೋಣ. ಬರ್ಲಿಲ್ಲ ಅಂದ್ರೆ ಈ ಮಾತು ಮತ್ತೆ ಎತ್ತೋ ಹಾಗಿಲ್ಲ."

"ಎತ್ತಲ್ಲ," ಎಂದಳು ಬ್ರೇಕಮ್ಮ. ಮೆಟ್ಟಿಲಿಳಿಯುವಾಗ ಮೊಣಕಾಲು ನೋಯುವುದನ್ನೂ ಮರೆತಿದ್ದಳು.

ಕಾರನ್ನು ಅದರ ಪಾಡಿಗೆ ಬಿಟ್ಟರೆ ಆಗದು ಎಂಬುದು ಒಂದೇ ದಿನದಲ್ಲಿ ತಿಳಿಯಿತು. ಏರಿನಲ್ಲಿ ತಿರುವಿಗೆಂದು ಕಾಲು ಎತ್ತಿದೊಡನೆ, ಕೆಲಸ ಮುಗಿಯಿತೆಂದುಕೊಂಡು ಅದು ಮೂರಕ್ಕೆ ಹೋಗಿ ಕಾಲು ಚಾಚಿ ಕೂರುತ್ತಿತ್ತು. ತಿರುವಿನಿಂದ ಹೊರಬರುವಾಗ ತುಳಿದರೆ, ಕರೆದಾಗ ಎದ್ದು ಬರುವ ಸೋಮಾರಿಯಂತೆ ಯೋಚಿಸಿ ಯೋಚಿಸಿ ಎರಡಕ್ಕಿಳಿಯುತ್ತಿತ್ತು. ಅಷ್ಟರಲ್ಲಿ ತಿರುವೇ ಮುಗಿದಿರುತ್ತಿತ್ತು. ಗೇರು ಅವಳ ಕೈಯಲ್ಲಿಯೇ ಇರಬೇಕು.

ಆಗ ತಮ್ಮನ ತಲೆಯೊಳಗೆ ಹುಳ ಹೊಕ್ಕಿತು.

"ಅಕ್ಕ, ಈ ಕೋಲು ಉಲ್ಟಾ ಇದೆ."

"ಕಂಪನಿಯವರು ಉಲ್ಟಾ ಮಾಡ್ತಾರಾ?"

"ಮಾಡ್ತಾರೆ. ಎಷ್ಟೋ ಕಂಪನಿಯವರು ಹೀಗೆ, ಎಷ್ಟೋ ಕಂಪನಿಯವರು ಹಾಗೆ. ರೇಸಿನ ಕಾರುಗಳನ್ನ ನೋಡು. ಅಲ್ಲಿ ಹಿಂದೆ ಎಳೆದ್ರೆ ಮೇಲಿನ ಗೇರು, ಮುಂದೆ ತಳ್ಳಿದ್ರೆ ಕೆಳಗಿನದು. ಕೂತ್ಕೋ, ತೋರಿಸ್ತೀನಿ."

ಗಾಲಿಯ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ಕೈಗೆ ಗಂಡನ ಅಳತೆಯ ಮರದ ಪಟ್ಟಿಯನ್ನು ಕೋಲಿನಂತೆ ಕೊಟ್ಟ. ಹಿಂದಿನಿಂದ ಕುರ್ಚಿಯನ್ನು ಒಮ್ಮೆಲೇ ನೂಕಿದ. ಅವಳ ಬೆನ್ನು ಕುರ್ಚಿಗೆ ಒತ್ತಿಕೊಂಡಿತು, ಪಟ್ಟಿ ಹಿಡಿದ ಕೈಯೂ ಹಿಂದಕ್ಕೆ ಬಂತು. ಗೋಡೆ ಸಮೀಪಿಸುವಷ್ಟರಲ್ಲಿ ಗಪ್ಪೆಂದು ಹಿಡಿದು ನಿಲ್ಲಿಸಿದ. ಮೈ ಮುಂದಕ್ಕೆ ವಾಲಿತು, ಕೈಯೂ ಮುಂದೆ ಹೋಯಿತು.

"ನೋಡಿದ್ಯಾ? ವೇಗ ಹೆಚ್ಚಿಸುವಾಗ ಮೈ ಹಿಂದೆ ಹೋಗುತ್ತೆ, ಆಗ ಬೇಕಾದ್ದು ಮೇಲಿನ ಗೇರು. ಬ್ರೇಕ್ ಹಾಕಿದಾಗ ಮೈ ಮುಂದೆ ಬೀಳುತ್ತೆ, ಆಗ ಬೇಕಾದ್ದು ಕೆಳಗಿನ ಗೇರು. ಮೈ ಹೋಗೋ ಕಡೆಗೇ ಕೈ ಹೋದ್ರೆ ಎಷ್ಟು ಸಲೀಸು ಹೇಳು."

ಕುರ್ಚಿ ಉರುಳಿದ ಸದ್ದಿಗೆ ಗಂಡ ಕೊರಳಲ್ಲಿ ಟೇಪು ನೇತುಹಾಕಿಕೊಂಡು ಬಾಗಿಲಿಗೆ ಬಂದು ನಿಂತಿದ್ದ.

"ನನ್ನ ಮೆಷೀನಿನ ಚಕ್ರಾನೂ ಅಷ್ಟೇ," ಎಂದ. "ನನ್ನ ಕಡೆಗೇ ತಿರುಗಿಸ್ಬೇಕು. ಆ ಕಡೆ ತಿರುಗಿಸಿದ್ರೆ ದಾರ ಗಂಟು ಬೀಳುತ್ತೆ."

"ಭಾವ, ಇಲ್ಲಿ ದಾರ ಎಲ್ಲಿದೆ?"

"ದಾರ ಇಲ್ಲ, ಗಂಟು ಇದೆಯಲ್ಲ. ಅದಕ್ಕೇ ನೀವಿಬ್ರೂ ಹೊತ್ತು ಮೂಡಿದಾಗಿಂದ ಕೂಗಾಡ್ತಿರೋದು. ನನ್ನ ಪಟ್ಟಿ ಕೊಡಿ ಇಲ್ಲಿ."

ಬ್ರೇಕಮ್ಮ ಪಟ್ಟಿಯನ್ನು ಕೊಟ್ಟಳು. ಆದರೆ ಅವಳ ಮುಖ ಆಗಲೇ ಅರಳಿತ್ತು. ಮೈ ಹೋಗುವ ಕಡೆಗೇ ಕೈ. ಇಷ್ಟು ವರ್ಷ ಕಲಿಸಿದರೂ ಇದು ತನಗೆ ಹೊಳೆಯಲಿಲ್ಲವಲ್ಲ ಎಂದುಕೊಂಡಳು. ತಮ್ಮ ಅಂದೇ ಕೋಲಿನ ಸುತ್ತಲಿನ ಮುಚ್ಚಳವನ್ನು ಎಬ್ಬಿಸಿ, ಒಳಗಿನ ಎರಡು ತಂತಿಗಳನ್ನು ಅದಲುಬದಲು ಮಾಡಿದ. ಈಗ ಎಳೆದರೆ ಮೇಲಿನ ಗೇರು, ತಳ್ಳಿದರೆ ಕೆಳಗಿನ ಗೇರು. ಸಂತೆಯ ಬಯಲಿನ ಉದ್ದಕ್ಕೂ ಅವಳು ಎಳೆದಳು, ಎಳೆದಳು, ಎಳೆದಳು. ಕೊನೆಯಲ್ಲಿ ಬ್ರೇಕು ಹಾಕಿ ತಳ್ಳಿದಳು, ತಳ್ಳಿದಳು. ಕಾರು ಹೇಳಿದ ಮಾತು ಕೇಳಿತು. ಅಂದು ಸಂಜೆ ಹಳೆಯ ಕಾರಿನ ಪಾಠಕ್ಕೆ ಬಂದ ಬ್ಯಾಂಕಿನ ಗುಮಾಸ್ತ ಗೇರು ಕಿರುಗುಟ್ಟಿಸಿದರೂ ಅವಳ ಬಾಯಿಂದ ಲೊಚ್ಚೆಂಬ ಸದ್ದು ಬರಲಿಲ್ಲ. ಅವನಿಗೆ ಅದರಿಂದಲೇ ಹೆಚ್ಚು ಭಯವಾಯಿತು.

ಸ್ಪರ್ಧೆಯ ಹಿಂದಿನ ದಿನ, ಶನಿವಾರ ಬೆಳಗ್ಗೆ, ಗುಡ್ಡದ ಮೇಲೆ ಅಭ್ಯಾಸಕ್ಕೆ ಬಿಟ್ಟರು. ಕಾರುಗಳನ್ನು ತಪಾಸಣೆ ಮಾಡುವವನು ಪಕ್ಕದ ಸೀಟಿನ ಬ್ರೇಕನ್ನು ಕಂಡು ತಲೆ ಕೆರೆದುಕೊಂಡ.

"ಇದನ್ನ ತೆಗೀಬೇಕೋ ಬೇಡ್ವೋ ನಿಯಮದಲ್ಲೇ ಇಲ್ಲ ಮೇಡಂ."

"ಯಾರೂ ಕೂರಲ್ಲಪ್ಪ ಅಲ್ಲಿ. ಇರ್ಲಿ ಬಿಡು."

"ನಿಮ್ಮ ಹತ್ರಾನೇ ಕಲಿತಿದ್ದು ನಾನು. ಅದು ನೋಡಿದ್ರೆ ಈಗ್ಲೂ ಬೆನ್ನು ನೆಟ್ಟಗಾಗುತ್ತೆ," ಎಂದು ಅವನು ಚೀಟಿ ಅಂಟಿಸಿದ.

ತಮ್ಮ ಮೊದಲೇ ಹೋಗಿ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕುಳಿತಿದ್ದ. ಅವಳು ಕೆಳಗಿನಿಂದ ಹೊರಟಳು. ಮೊದಲ ತಿರುವು, ಎರಡನೆಯದು. ಗಾಳಿ, ಕಲ್ಲುಗೋಡೆ, ಬಿಸಿಲು ನೆರಳು. ತನ್ನ ಹಳೆಯ ರಸ್ತೆ ತನ್ನನ್ನು ಗುರುತು ಹಿಡಿದಂತೆ ಅವಳಿಗೆ ಅನ್ನಿಸಿತು. ತೊಟ್ಟಿಯ ತಿರುವಿನೊಳಗೆ ಎರಡನೇ ಗೇರಿನಲ್ಲಿ ಹೊಕ್ಕು, ಸುತ್ತಿ, ನೇರವಾಗಿ, ಪೂರ್ತಿ ತುಳಿದಳು. ಎಂಜಿನ್ನಿನ ದನಿ ಏರಿತು. ಅದೇ ಕ್ಷಣ. ಮೂರು. ಅವಳ ಕೈ ಕೋಲನ್ನು ಮುಂದಕ್ಕೆ ತಳ್ಳಿತು.

ಕಾರು ಮೂರಕ್ಕೆ ಹೋಗಲಿಲ್ಲ, ಒಂದಕ್ಕೆ ಬಿತ್ತು. ಕೊರಳಪಟ್ಟಿ ಹಿಡಿದು ಹಿಂದಕ್ಕೆಳೆದಂತೆ ಇಡೀ ಗಾಡಿ ಜಗ್ಗಿತು. ಎಂಜಿನ್ ಕಿಟಾರನೆ ಕಿರುಚಿತು. ಕಟ್ಟೆಯ ಮೇಲೆ ಕುಳಿತಿದ್ದ ತಮ್ಮ ಎದ್ದು ನಿಂತ. ಅವಳು ಸಾವರಿಸಿಕೊಂಡು ಮೇಲೆ ಹೋದಳು. ಮತ್ತೊಮ್ಮೆ ಕೆಳಗಿನಿಂದ ಬಂದಳು. ಈ ಸಲ ತೊಟ್ಟಿಗಿಂತ ಮೊದಲಿನ ತಿರುವಿನಲ್ಲಿಯೇ ಹಾಗಾಯಿತು, ತೊಟ್ಟಿಯ ಬಳಿ ಇನ್ನೊಮ್ಮೆ. ಆಮೇಲೆ ಅಭ್ಯಾಸದ ಹೊತ್ತು ಮುಗಿಯಿತೆಂದು ಬಾವುಟ ಬೀಸಿದರು.

"ಬಯಲಲ್ಲಿ ಒಂದ್ಸಲಾನೂ ತಪ್ಲಿಲ್ವಲ್ಲಕ್ಕ," ಎಂದ ತಮ್ಮ. ಅವನ ಮುಖ ಸಪ್ಪಗಾಗಿತ್ತು. "ಗಾಬರಿ ಆಗಿದೆ ನಿಂಗೆ. ನಾಳೆ ಸರಿಹೋಗುತ್ತೆ."

"ಗಾಬರಿ ಅಲ್ಲ ಕಣೋ. ಬಯಲಲ್ಲಿ ನಾನು ಯೋಚನೆ ಮಾಡಿ ಹಾಕ್ತಿದ್ದೆ. ಗುಡ್ಡದಲ್ಲಿ ಯೋಚನೆಗೆ ಪುರುಸೊತ್ತೆಲ್ಲಿ? ಅಲ್ಲಿ ಹಾಕೋದು ಕೈ." ಅವಳು ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. "ಇದ್ಯಾಕೆ ಮುಂದೆ ಹೋಯ್ತು ಅಂತ ನಂಗೊತ್ತಾಗ್ಬೇಕು. ಅಷ್ಟೇ."

ಮಧ್ಯಾಹ್ನ ಊಟವಾದರೂ ಅವಳು ಮೇಲಕ್ಕೆ ಬರದಿದ್ದಾಗ ಗಂಡ ಹುಡುಕಿಕೊಂಡು ಹಿತ್ತಲಿಗೆ ಹೋದ. ಅವಳು ಹಳೆಯ ಕಾರಿನ ಚಾಲಕನ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದಳು. ಎಂಜಿನ್ ಆರಿತ್ತು, ಬಲಗಾಲಿಗೆ ಬೇರೆ ಕೆಲಸವಿಲ್ಲದ್ದರಿಂದ ಅದರಿಂದಲೇ ಕ್ಲಚ್ ಒತ್ತುತ್ತಿದ್ದಳು. ತುಟಿ ಅಲುಗುತ್ತಿತ್ತು: "ಕಲ್ಲುಗೋಡೆ... ಎರಡು... ಸುತ್ತು, ಸುತ್ತು... ಮೂರು. ಮೋರಿ... ಎರಡು... ಮೂರು." ಕಣ್ಣು ಮುಚ್ಚಿಕೊಂಡೇ ಗುಡ್ಡ ಹತ್ತುತ್ತಿದ್ದಾಳೆಂದು ಅವನಿಗೆ ಅರ್ಥವಾಯಿತು. ಇಪ್ಪತ್ತು ಮೂವತ್ತು ವರ್ಷ ಬೇರೆಯವರ ಭುಜ, ತೋಳು, ಮಣಿಕಟ್ಟುಗಳನ್ನೇ ಅಳೆದವನು. ಕಿಟಕಿಗೆ ಮೊಣಕೈಯೂರಿ ಅವಳ ಕೈಯನ್ನೇ ನೋಡಿದ.

"ನೋಡೇ," ಎಂದ ಕೊನೆಗೆ, "ನಿನ್ನ ಕೈ ಬರೀ ಮುಂದೆ ಹಿಂದೆ, ಮುಂದೆ ಹಿಂದೆ ಹೋಗ್ತಿದೆ. ಪಕ್ಕಕ್ಕೆ ಹೋಗೋದೇ ಇಲ್ಲ ಅನ್ನೋ ಹಾಗೆ."

ಅವಳು ಕಣ್ಣು ತೆರೆದಳು. "ಏನಂದ್ರಿ?"

"ಎರಡು ಅಂದಾಗ ಹಿಂದೆ ಬರುತ್ತೆ. ಮೂರು ಅಂದಾಗ ಮುಂದೆ ಹೋಗುತ್ತೆ. ಇಷ್ಟೇನಾ ಗೇರು ಅಂದ್ರೆ? ಇದನ್ನ ಕಲಿಸೋಕೆ ಅಷ್ಟೊಂದು ಜನ ಯಾಕೆ ಬೇಕು?"

ಬ್ರೇಕಮ್ಮ ಕೋಲಿನ ಗುಂಡಿಯ ಮೇಲೆ ಕೊರೆದಿದ್ದ ಅಂಕಿಗಳನ್ನು ನೋಡಿದಳು. ಪ್ರತಿಯೊಬ್ಬ ಶಿಷ್ಯನಿಗೂ ಮೊದಲ ದಿನ ಅವಳೇ ತೋರಿಸುವ ನಕ್ಷೆ: ಒಂದು ಮುಂದೆ, ಎರಡು ಹಿಂದೆ, ಮೂರು ಮುಂದೆ, ನಾಲ್ಕು ಹಿಂದೆ. ಗುಡ್ಡದ ರಸ್ತೆ ಬಹುಪಾಲು ಎರಡು ಮತ್ತು ಮೂರರ ನಡುವೆಯೇ ನಡೆಯುತ್ತದೆ. ಅಲ್ಲಿ ಮೇಲಿನ ಗೇರು ಎಂದರೆ ಮುಂದಕ್ಕೆ, ಕೆಳಗಿನ ಗೇರು ಎಂದರೆ ಹಿಂದಕ್ಕೆ. ವರ್ಷವರ್ಷವೂ ಆ ತಿರುವುಗಳು ಅವಳ ಕೈಗೆ ಅದನ್ನೇ ಬಾಯಿಪಾಠ ಮಾಡಿಸಿದ್ದವು. ಕಂಪನಿಯವರು ಇಟ್ಟದ್ದೂ ಹಾಗೆಯೇ ಇತ್ತು. ಅಕ್ಕ ತಮ್ಮ ಇಬ್ಬರೂ ಸೇರಿ, ಸರಿಯಾಗಿದ್ದದ್ದನ್ನು ಬುದ್ಧಿ ಉಪಯೋಗಿಸಿ ಕೆಡಿಸಿದ್ದರು.

ಅವಳು ಕಾರಿನಿಂದ ಇಳಿದ ರಭಸಕ್ಕೆ ಬಾಗಿಲು ಗಂಡನ ಹೊಟ್ಟೆಗೆ ತಗುಲಿತು. ಶೆಡ್ಡಿನತ್ತ ಹೋಗುತ್ತಲೇ ಕೂಗಿದಳು: "ಲೋ, ತಂತಿ ಮತ್ತೆ ಅದಲುಬದಲು ಮಾಡು."

ತಮ್ಮ ಕೇಳಿದ. ಪೂರ್ತಿ ಕೇಳಿದ. ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಗಂಟು ಮುಖ ಮಾಡಿದ.

"ನಾನು ಹೇಳಿದ್ದು ತಪ್ಪಾ ಹಾಗಾದ್ರೆ? ಕುರ್ಚಿ ಮೇಲೆ ನೀನೇ ನೋಡಿದ್ಯಲ್ಲ."

"ತಪ್ಪಲ್ಲ ಕಣೋ. ನನ್ನ ಕೈ ಬೇರೆ ಶಾಲೆಯಲ್ಲಿ ಓದಿದೆ. ಈಗ ಒಂದೇ ರಾತ್ರಿಲಿ ಸಿಲಬಸ್ ಬದಲಾಯಿಸಿದ್ರೆ ನಾಳೆ ಫೇಲಾಗುತ್ತೆ."

"ಸರಿ. ಗೋಪುರದ ನೇರದಲ್ಲಿ ಏನ್ಮಾಡ್ತೀಯಾ?"

ಅವಳು ನಿಂತಳು. ಗುಡ್ಡದ ತುದಿಯಲ್ಲಿ, ಗೋಪುರಕ್ಕೆ ಮುಂಚೆ, ರಸ್ತೆ ಒಮ್ಮೆ ಉಸಿರು ಬಿಟ್ಟಂತೆ ನೇರವಾಗುತ್ತದೆ. ಇಡೀ ಏರಿನಲ್ಲಿ ನಾಲ್ಕನೇ ಗೇರು ಬೇಕಾಗುವುದು ಅಲ್ಲಿ ಮಾತ್ರ. ಮೂರರಲ್ಲಿಯೇ ಹೋದರೆ ಸಮಯ ಸೋರಿಹೋಗುತ್ತದೆ. ಹಳೆಯ ಕಾರಿನಲ್ಲಿ ನಾಲ್ಕು ಹಿಂದೆ. ಈ ಕಾರಿನಲ್ಲಿ, ತಂತಿ ಮೊದಲಿನಂತೆ ಮಾಡಿದರೆ, ನಾಲ್ಕಕ್ಕೂ ಮುಂದೆಯೇ ತಳ್ಳಬೇಕು. ಅಲ್ಲಿ ಅವಳ ಕೈ ಹಿಂದೆ ಹೋಗುವುದು ಖಂಡಿತ.

"ನನ್ನ ತಂತಿಯಾದ್ರೆ ಆ ಒಂದು ಜಾಗ ಸರಿ," ಎಂದ ತಮ್ಮ, ಸ್ವಲ್ಪ ಚೇತರಿಸಿಕೊಂಡು.

"ಮಿಕ್ಕಿದ್ದೆಲ್ಲ ತಪ್ಪು."

"ಅದು ಹೌದು."

"ಹಾಗಾದ್ರೆ ಮೊದಲಿನ ಥರ ಮಾಡು. ಆ ಒಂದು ಜಾಗದಲ್ಲಿ ನಾನೇ ನನಗೆ ಬಾಯಿಬಿಟ್ಟು ಪಾಠ ಹೇಳ್ಕೋತೀನಿ."

ತಮ್ಮ ಮುಚ್ಚಳ ಎಬ್ಬಿಸಿ, ತಂತಿ ಬದಲಿಸಿ, ಕೂರಿಸಿದ. ಮುಗಿದ ಮೇಲೆ, "ಎಳೆಯೋದೇ ಸರಿ ಅಕ್ಕ. ಅದು ವಿಜ್ಞಾನ," ಎಂದು ಎದ್ದು ಹೋದ.

ಭಾನುವಾರ ಗುಡ್ಡದ ಬುಡದಲ್ಲಿ ಜಾತ್ರೆಯಷ್ಟು ಜನ. ಎಂಜಿನ್ನುಗಳ ಗುರುಗುಟ್ಟುವಿಕೆ, ಎಣ್ಣೆಯ ವಾಸನೆ, ಧ್ವನಿವರ್ಧಕದ ಗೊರಗೊರ. ಬ್ರೇಕಮ್ಮನ ಕಾರಿನ ತಲೆಯ ಮೇಲೆ ಶಾಲೆಯ ಫಲಕ ಹಾಗೆಯೇ ಇತ್ತು. ಬಿಚ್ಚಲು ಮರೆತಿದ್ದಳೋ, ಬೇಕೆಂದೇ ಬಿಟ್ಟಿದ್ದಳೋ. ಸಾಲಿನಲ್ಲಿ ಮುಂದಿದ್ದವನೊಬ್ಬ ತಿರುಗಿ, "ಮೇಡಂ, ಹಿಂದೆ 'ಕಲಿಯುವವರು' ಅಂತ ಅಂಟಿಸ್ಕೊಳ್ಳಿ," ಎಂದು ನಕ್ಕ. "ನಿನಗೆ ಕಲಿಸಿದ ದಿನ ಅಂಟಿಸಿದ್ದು ಇನ್ನೂ ಇದೆ, ಕೊಡ್ಲಾ?" ಎಂದಳು ಅವಳು. ಸುತ್ತಲಿನವರು ನಕ್ಕರು, ಅವನೂ ನಕ್ಕ. ಅವಳು ಬೆಲ್ಟನ್ನು ಮತ್ತೊಮ್ಮೆ ಎಳೆದು ಬಿಗಿದುಕೊಂಡಳು. ಇಂದು ಅರ್ಹತಾ ಸಮಯ ಮೀರಿದರೆ ಮುಂದಿನ ವರ್ಷವಿಲ್ಲ. ಅದರ ಮುಂದಿನದೂ ಇಲ್ಲ. ಕಿಟಕಿ ಮುಚ್ಚಿಕೊಂಡು ಕೂರುವ ಭಾನುವಾರಗಳಷ್ಟೇ.

ಬಾವುಟ ಬಿತ್ತು.

ಕಾರು ಹಾರಿತು. ಹಳೆಯ ಕಾರಿನಲ್ಲಿ ಎರಡು ಹಿಂದೆ ಇದ್ದುದರಿಂದ, ಒಂದರಿಂದ ಎರಡಕ್ಕೆ ತಳ್ಳುವುದನ್ನು ಕಾರು ನಿಂತಿದ್ದಾಗಲೇ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದಳು, ಅದು ತಪ್ಪಲಿಲ್ಲ. ಮೂರು. ಕಲ್ಲುಗೋಡೆ ಬಂತು, ಬ್ರೇಕು, ಎಳೆದಳು, ಎರಡು, ಸುತ್ತು, ಸುತ್ತು, ತಳ್ಳಿದಳು, ಮೂರು. ಕೈ ತಾನಾಗಿ ಹೋಯಿತು, ತಾನಾಗಿ ಬಂತು. ಮೋರಿಯ ತಿರುವಿನಲ್ಲಿ ಹಿಂದಿನ ಚಕ್ರ ಜಲ್ಲಿಯ ಮೇಲೆ ತುಸು ಜಾರಿ ಮತ್ತೆ ರಸ್ತೆ ಹಿಡಿಯಿತು. ಅವಳ ಬಾಯಿಂದ "ಕನ್ನಡಿ ನೋಡು" ಎಂಬ ಮಾತು ತಾನೇ ತಾನಾಗಿ ಬಂತು, ನೋಡಲು ಹಿಂದೆ ಯಾರೂ ಇರಲಿಲ್ಲ. ನಗು ಬಂತು. ಗುಡ್ಡ ಹತ್ತುತ್ತ ನಕ್ಕಳು.

ತೊಟ್ಟಿಯ ತಿರುವು. ಕಟ್ಟೆಯ ಮೇಲೆ ತಮ್ಮನೂ ಅವನ ಪಕ್ಕದಲ್ಲಿ ಟೇಪು ಕೊರಳಲ್ಲಿಯೇ ಬಿಟ್ಟುಕೊಂಡು ಬಂದಿದ್ದ ಗಂಡನೂ ನಿಂತದ್ದು ಕಣ್ಣಂಚಿಗೆ ಹೊಳೆದು ಮಾಯವಾಯಿತು. ಎರಡರಲ್ಲಿ ಒಳಗೆ. ರಸ್ತೆ ಮಡಚಿತು, ಕಾರು ಮಡಚಿಕೊಂಡಿತು, ಮತ್ತೆ ಬಿಡಿಸಿಕೊಂಡಿತು. ತುಳಿದಳು. ಎಂಜಿನ್ ಹಾಡಲು ತೊಡಗಿ, ಏರಿ, ಇನ್ನೂ ಏರಿ, ಇನ್ನು ತಾಳಲಾರದು ಎನ್ನುವ ಕಡೆ ಅವಳ ಕೈ ಮುಂದೆ ಹೋಯಿತು.

ಮೂರು.

ಅಹಾ, ಅದೇ ಕ್ಷಣ. ಎರಡು ವರ್ಷ ಕಿಟಕಿಯಾಚೆ ಉಳಿದಿದ್ದ ಕ್ಷಣ. ಬೆನ್ನನ್ನು ಸೀಟು ಆತುಕೊಂಡಿತು, ಗಂಟಲು ಹಸಿಯಾಯಿತು, ಕಣ್ಣೂ.

ಇನ್ನೂ ಕೆಲವು ತಿರುವುಗಳು ಹಾಗೆಯೇ ನೀರು ಕುಡಿದಂತೆ ಕಳೆದವು. ಆ ಸುಖದಲ್ಲಿಯೇ ಅವಳು ಮೈಮರೆತಳು. ಗೋಪುರದ ನೇರ ಬಂದಾಗ ಪಾಠ ಹೇಳಿಕೊಳ್ಳಬೇಕೆಂಬುದು ನೆನಪಾಗುವ ಮೊದಲೇ ಎಂಜಿನ್ ನಾಲ್ಕನ್ನು ಕೇಳಿತು, ಕೈ ಹಳೆಯ ವಿದ್ಯಾರ್ಥಿಯಂತೆ ತಟ್ಟನೆ ಉತ್ತರ ಕೊಟ್ಟಿತು: ಹಿಂದಕ್ಕೆ.

ಕೀಂ ಎಂದಿತು ಕಾರು. ಅಭ್ಯಾಸದ ದಿನ ತಿರುವುಗಳಲ್ಲಿದ್ದ ವೇಗವಲ್ಲ ಇದು; ಇಷ್ಟು ವೇಗದಲ್ಲಿ ಎರಡಕ್ಕೆ ಇಳಿದರೆ ಎಂಜಿನ್ ಉಳಿಯದೆಂದು ಅದಕ್ಕೆ ಗೊತ್ತಿತ್ತು. ಒಪ್ಪಲಿಲ್ಲ, ಮೂರರಲ್ಲಿಯೇ ನಿಂತು ಒಂದು ಸದ್ದು ಮಾಡಿತಷ್ಟೇ. ಆ ಸದ್ದು ಯಾರದೆಂದು ಬ್ರೇಕಮ್ಮನಿಗೆ ತಕ್ಷಣ ತಿಳಿಯಿತು. ತಾನು ಶಿಷ್ಯರಿಗೆ ಮಾಡುವ ಲೊಚ್ಚು.

ಎಂಜಿನ್ ಎಲ್ಲೆ ಮುಟ್ಟಿ ತಡವರಿಸುತ್ತಿತ್ತು. ಗೋಪುರ ದೊಡ್ಡದಾಗುತ್ತಿತ್ತು.

"ಕೋಲು ನೋಡ್ಬೇಡ, ರಸ್ತೆ ನೋಡು," ಎಂದಳು ಗಟ್ಟಿಯಾಗಿ, ಪಾಠದ ದನಿಯಲ್ಲಿ. "ಮುಂದೆ ತಳ್ಳು ತಾಯಿ. ಮುಂದೆ."

ತಳ್ಳಿದಳು. ನಾಲ್ಕು. ಕಾರು ದೊಡ್ಡದೊಂದು ಉಸಿರು ಬಿಟ್ಟು ಚಾಚಿಕೊಂಡಿತು. ಗೋಪುರದ ತಂತಿಬೇಲಿ, ಬಾವುಟದವನು, ಬಿಳಿ ಗೆರೆ, ಎಲ್ಲವೂ ಒಟ್ಟಿಗೆ ಹಿಂದೆ ಸರಿದುಹೋದವು.

ಮೇಲೆ ಕಾರು ನಿಲ್ಲಿಸಿ ಬಾಗಿಲು ತೆರೆದು, ಅವಳು ಸೀಟಿನಲ್ಲಿಯೇ ಕುಳಿತು ಗೆರೆಯತ್ತ ತಿರುಗಿ ನೋಡಿದಳು. ಗೆರೆಯ ಬಳಿ ಮೇಜು ಹಾಕಿಕೊಂಡು ಕುಳಿತಿದ್ದ ಬಂಕಿನ ಯಜಮಾನರು ಗಡಿಯಾರವನ್ನು ಒಮ್ಮೆ ನೋಡಿದರು, ಪಕ್ಕದವನ ಗಡಿಯಾರವನ್ನೂ ನೋಡಿದರು. ಎದ್ದು ನಿಧಾನವಾಗಿ ಬಂದು ಕಾರಿನ ಬಾಗಿಲಿಗೆ ಕೈಯಿಟ್ಟರು.

"ಗೋಪುರದ ನೇರದಲ್ಲಿ ಏನಮ್ಮ ಅದು, ಮಧ್ಯ ತಡವರಿಸಿದ್ದು?"

"ಪಾಠ ಮರ್ತಿತ್ತು ಯಜಮಾನ್ರೇ. ಆಯ್ತಾ, ಆಗ್ಲಿಲ್ವಾ, ಅದನ್ನ ಹೇಳಿ."

"ಆಯ್ತು." ಅವರು ಮೀಸೆ ಸವರಿಕೊಂಡರು. "ಕೂದಲೆಳೆಯಷ್ಟು ಉಳಿಸ್ಕೊಂಡೇ ಬಂದಿದ್ದೀಯ. ಮುಂದಿನ ವರ್ಷಕ್ಕೆ ವಿಭಾಗ ಮಾಡ್ದೆ ವಿಧಿ ಇಲ್ಲ." ಆಮೇಲೆ ಬಗ್ಗಿ, ಯಾರಾದರೂ ಕೇಳಿಸಿಕೊಂಡಾರೆಂದು ಅತ್ತಿತ್ತ ನೋಡಿ, ದನಿ ತಗ್ಗಿಸಿದರು. "ನನ್ನ ಮಂಡಿನೂ ಈಗೀಗ ಮಾತು ಕೇಳಲ್ಲ. ಇದು ತಳ್ಳೋದೋ, ಎಳೆಯೋದೋ?"

ಬ್ರೇಕಮ್ಮ ನಕ್ಕ ನಗುವಿಗೆ ಬಾವುಟದವನೂ ತಿರುಗಿ ನೋಡಿದ.

ಎಲ್ಲರ ಸರದಿ ಮುಗಿದು ಇಳಿಯುವಾಗ ತೊಟ್ಟಿಯ ಬಳಿ ನಿಲ್ಲಿಸಿ ತಮ್ಮನನ್ನೂ ಗಂಡನನ್ನೂ ಹತ್ತಿಸಿಕೊಂಡಳು. ಇಳಿಜಾರು ನಿನ್ನ ಪಾಲಿಗೆ ಎಂದಳು, ತಮ್ಮ ಚಾಲಕನ ಸೀಟಿಗೆ ಬಂದ, ಅವಳು ಪಕ್ಕದ ಸೀಟಿಗೆ ಸರಿದಳು, ಗಂಡ ಹಿಂದೆ. ತಮ್ಮನಿಗೆ ಸಂತೋಷ ತಡೆಯಲಾಗುತ್ತಿರಲಿಲ್ಲ, ಸೋತ ವಾದವನ್ನು ನುಂಗಲೂ ಆಗುತ್ತಿರಲಿಲ್ಲ.

"ಮುಂದಿನ ವರ್ಷ ನಾನೂ ಬರ್ತೀನಿ," ಎಂದ. "ನನ್ನದೇ ಕಾರು, ನನ್ನದೇ ತಂತಿ. ಎಳೆದು ತೋರಿಸ್ತೀನಿ."

"ಮೊದ್ಲು ಬೆಲ್ಟ್ ಹಾಕು."

ಅವನೂ ಕೋಲನ್ನು ಪಕ್ಕಕ್ಕೆಳೆದು ಗೇರನ್ನು ಕೈಗೆ ತೆಗೆದುಕೊಂಡ. ಇಳಿಜಾರಿನಲ್ಲಿ ಕಾರು ಮೂರರಲ್ಲಿ ಹಗುರವಾಗಿ ಓಡಿತು. ಮೋರಿಯ ತಿರುವು ಎದುರಾಯಿತು. ಅವನು ಬ್ರೇಕು ಒತ್ತಿದ, ಮೈ ಮುಂದಕ್ಕೆ ವಾಲಿತು, ಎರಡಕ್ಕೆಂದು ಅವನ ಕೈ ಕೋಲನ್ನು ನೆಟ್ಟಗೆ ಮುಂದೆ ತಳ್ಳಿತು. ಗೇರು ನಾಲ್ಕಕ್ಕೆ ಹಾರಿತು. ಹಿಡಿತ ಬಿಟ್ಟ ಕಾರು ತಿರುವಿನತ್ತ ಓಟ ಕಿತ್ತಿತು.

ಬೆಕ್ಕು ಎಚ್ಚರವಾಗಿಯೇ ಇತ್ತು. ಪಕ್ಕದ ಸೀಟಿನ ಬ್ರೇಕು ನೆಲ ಮುಟ್ಟಿತು. ಕಾರು ಮೂಗು ತಗ್ಗಿಸಿ ಮೋರಿಯ ಕಲ್ಲಿಗೆ ಮುಂಚೆ ನಿಂತಿತು. ಹಿಂದಿನ ಸೀಟಿನಿಂದ ಗಂಡನ ಟೇಪು ಹಾರಿಬಂದು ತಮ್ಮನ ತೊಡೆಯ ಮೇಲೆ ಬಿತ್ತು.

ಲೊಚ್ಚೆಂದಳು ಬ್ರೇಕಮ್ಮ.

ತಮ್ಮ ಕೋಲನ್ನು ನೋಡಿದ, ತನ್ನ ಕೈಯನ್ನು ನೋಡಿದ. ಬಿಳುಚಿದ್ದ ಮುಖ ನಿಧಾನವಾಗಿ ಬೆಳಗತೊಡಗಿತು.

"ಮೈ ಮುಂದೆ ಬಿತ್ತು, ಕೈಯೂ ಮುಂದೆ ಹೋಯ್ತು," ಎಂದ. "ಅಕ್ಕ, ನೋಡಿದ್ಯಾ? ನಾನು ಹೇಳಿದ್ದೇ ಸರಿ."

"ನಮ್ಮನ್ನ ಮೋರಿಗೆ ಕೆಡವಿ ಸರಿ ಅನ್ನಿಸ್ಕೋಬೇಕಿತ್ತಾ ನಿಂಗೆ?"

"ಸರಿನೋ ಅಲ್ವೋ, ಅದನ್ನ ಹೇಳು."

ಅವಳು ಯೋಚಿಸಿದಳು. ಪಾದವನ್ನು ಇನ್ನೂ ಬ್ರೇಕಿನಿಂದ ತೆಗೆದಿರಲಿಲ್ಲ. "ಇಳಿಯೋವಾಗ ನಿಂದು ಸರಿ," ಎಂದಳು. "ಹತ್ತೋವಾಗ ನಂದು."

"ಹಾಗೆಲ್ಲ ಎರಡೆರಡು ಸರಿ ಇರೋಕಾಗಲ್ಲ. ವಿಜ್ಞಾನ ಅಂದ್ರೆ..."

ಹಿಂದಿನಿಂದ ಇಳಿಯುತ್ತಿದ್ದ ಕಾರೊಂದು ಹಾರ್ನ್ ಹೊಡೆಯಿತು. ಗಂಡ ಮುಂದಕ್ಕೆ ಬಾಗಿ ತನ್ನ ಟೇಪನ್ನು ಎತ್ತಿಕೊಂಡು, "ತಳ್ಳೋದೋ ಎಳೆಯೋದೋ ಮನೇಲಿ ತೀರ್ಮಾನ ಮಾಡಿ," ಎಂದ. "ಈಗ ಯಾರಾದ್ರೂ ಒಬ್ರು ಕಾರು ಓಡಿಸಿ."

ಅಕ್ಕ ತಮ್ಮ ಇಬ್ಬರ ಕೈಗಳೂ ಒಟ್ಟಿಗೆ ಕೋಲಿಗೆ ಹೋದವು.